ಮೇಷ್ಟ್ರಿಗೆ ತರಿಸಿದ ಮಾತಿನ ಯಂತ್ರ

ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಯಾರದೋ ಪ್ರಿಂಟರಿಗೆ ಶಾಯಿ ತುಂಬುತ್ತ ಕೂತಿದ್ದೆ. ಬೆರಳೆಲ್ಲ ಕಪ್ಪು. ಎದ್ದು ಕೈಮುಗಿಯಲೂ ಆಗಲಿಲ್ಲ. ಅವರು ಕೂರು ಕೂರು ಎಂದು ಕೈಯಲ್ಲೇ ಹೇಳಿ, ಗಿರಾಕಿಗಳ ಬೆಂಚಿನ ಮೇಲೆ ಕೂತು, ಚೀಲದಿಂದ ಮಕ್ಕಳ ಸ್ಲೇಟೊಂದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕತ್ತಿನ ಮುಂದೆ ತೆಳುವಾದ ಹತ್ತಿ ಬಟ್ಟೆ ಕಟ್ಟಿತ್ತು. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ ಎಂಬ ಸುದ್ದಿ ನನಗೆ ಗೊತ್ತಿತ್ತು. ಕಣ್ಣಾರೆ ನೋಡಿದ್ದು ಅವತ್ತೇ.

ನನ್ನ ಅಂಗಡಿ ಇರುವ ಇದೇ ಕೊಳ್ಳೇಗಾಲದಲ್ಲಿ ಟೈಪ್‌ರೈಟಿಂಗ್ ಶಾಲೆ ನಡೆಸುತ್ತಿದ್ದವರು ಅವರು. ನನಗೆ ಹತ್ತು ಬೆರಳಿನ ಟೈಪಿಂಗ್ ಕಲಿಸಿದವರೂ ಅವರೇ. ಶಾಲೆ ಮುಚ್ಚಿದ ಮೇಲೆ ಹನೂರಿನಾಚೆಯ ತಮ್ಮ ಊರಿಗೆ ಹೋಗಿ, ಹೆಂಡತಿಯ ಜೊತೆ ಎರಡು ಹಸು ಕಟ್ಟಿಕೊಂಡು ಇದ್ದರು.

ಸ್ಲೇಟಿನ ಮೇಲೆ ಬಳಪದಲ್ಲಿ, ಅಚ್ಚಿನಂಥ ಸಾಲುಗಳಲ್ಲಿ ಬರೆದರು: ‘ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಯಂತ್ರ ಇದೆಯಂತಲ್ಲ?’

‘ಇದೆ ಸಾ. ಯಾರಿಗೆ?’ ಎಂದೆ. ಕೇಳಿದ ಮೇಲೆ ನಾಚಿಕೆಯಾಯಿತು.

ಅವರು ಒರೆಸಿ ಮತ್ತೆ ಬರೆದರು. ‘ನನಗೆ. ಅವಳಿಗೆ ಓದಲು ಬರುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಬರೆದರೂ ಪಕ್ಕದ ಮನೆ ಸೊಸೆ ಬಂದು ಓದಿ ಹೇಳಬೇಕು. ಸಂಜೆಯೊಳಗೆ ಊರಿಗೆಲ್ಲ ನಮ್ಮ ಮನೆ ಸಾರಿನ ರುಚಿ ಗೊತ್ತು.’ ನಾನು ನಕ್ಕೆ, ಅವರೂ ಸದ್ದಿಲ್ಲದೆ ನಕ್ಕರು. ಆಮೇಲೆ ಸ್ಲೇಟು ಪೂರ್ತಿ ಒರೆಸಿ ಬರೆದರು: ‘ಕಾಯಿಲೆ ತಿರುಗಿ ಬಂದಿದೆ. ಮೈಸೂರಿನವರು ಇನ್ನು ಮಾಡುವುದೇನೂ ಇಲ್ಲ ಎಂದರು. ಅವಳ ಹತ್ತಿರ ನಾನು ಮಾತಾಡುವುದಿದೆ. ಮೂರನೆಯವರ ಬಾಯಲ್ಲಿ ಆಗುವಂಥದ್ದಲ್ಲ.’

ನಾನು ಕೈ ತೊಳೆದುಕೊಂಡು ಬಂದು, ಮೊದಲು ನನ್ನ ಫೋನನ್ನೇ ಅವರ ಕೈಗೆ ಕೊಟ್ಟೆ. ಟೈಪ್ ಮಾಡಿದ್ದನ್ನು ಓದಿ ಹೇಳುವುದು ಅದರಲ್ಲೂ ಆಗುತ್ತದೆ. ಆದರೆ ಗಾಜಿನ ಮೇಲೆ ಅವರ ಬೆರಳು ನಡುಗಿ, ಒಂದು ಅಕ್ಷರಕ್ಕೆ ಮೂರು ಅಕ್ಷರ ಬೀಳುತ್ತಿದ್ದವು. ಎಷ್ಟು ಸಲ ಅಳಿಸಿದರೂ ಹಾಗೇ. ಕೊನೆಗೆ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅದರಲ್ಲಿ ಹಳೆಯ ಕನ್ನಡ ಟೈಪ್‌ರೈಟರಿನ ಕೀಲಿಗಳ ಜೋಡಣೆ ಇದೆ. ಕಣ್ಣು ಕಾಣದ ಒಬ್ಬಳು ಕಾಲೇಜು ಹುಡುಗಿಗಾಗಿ ಹಾಕಿಟ್ಟಿದ್ದ ಓದುವ ತಂತ್ರಾಂಶವೂ ಇತ್ತು. ಮೇಷ್ಟ್ರು ಮಣಿಕಟ್ಟು ಎತ್ತಿ, ಬೆರಳುಗಳನ್ನು ನಡು ಸಾಲಿನ ಮೇಲೆ ಇಟ್ಟರು ನೋಡಿ, ನಡುಕ ನಿಂತೇಹೋಯಿತು. ಕೀಲಿ ನೋಡದೆ ಒಂದು ಸಾಲು ಹೊಡೆದರು. ಯಂತ್ರ ಅದನ್ನು ಓದಿತು. ಅವರು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪರದೆಯನ್ನೇ ನೋಡುತ್ತ ಕೂತುಬಿಟ್ಟರು.

ಹಾಗಾಗಿ ಒಂದು ಸಣ್ಣ ಲ್ಯಾಪ್‌ಟಾಪ್ ತರಿಸುವುದು ಎಂದಾಯಿತು. ಹಾಸಿಗೆಯಲ್ಲಿ ಒರಗಿಕೊಂಡೂ ಬಳಸಬಹುದು, ಆ ಕಡೆ ಕರೆಂಟು ಹೋಗುವುದು ಜಾಸ್ತಿ, ಬ್ಯಾಟರಿ ಇದ್ದರೆ ಅನುಕೂಲ.

ಆನ್‌ಲೈನಿನಲ್ಲಿ ತರಿಸುವುದು ನನಗೆ ದಿನದ ಕೆಲಸ. ಹನೂರಿನಾಚೆಯ ಎಷ್ಟೋ ಹಳ್ಳಿಗಳ ಪಿನ್‌ಕೋಡ್ ಹಾಕಿದ ಕೂಡಲೇ ‘ಈ ವಿಳಾಸಕ್ಕೆ ತಲುಪಿಸಲಾಗುವುದಿಲ್ಲ’ ಎಂದು ಬರುತ್ತದೆ. ಅಲ್ಲಿನವರು ಮೌಸು, ಚಾರ್ಜರು, ಪ್ರಿಂಟರು ಏನೇ ಬೇಕಾದರೂ ನನ್ನ ಅಂಗಡಿಯ ವಿಳಾಸ ಕೊಡುತ್ತಾರೆ. ಕೊಳ್ಳುವಾಗ ನಾನು ಐದು ನಕ್ಷತ್ರದ ಹೊಗಳಿಕೆಗಳನ್ನು ಬಿಟ್ಟು ಒಂದು ನಕ್ಷತ್ರದ ಬೈಗುಳಗಳನ್ನು ಮೊದಲು ಓದುತ್ತೇನೆ. ಜನ ಸಿಟ್ಟಿನಲ್ಲಿ ನಿಜ ಬರೆದಿರುತ್ತಾರೆ. ಮಾರುವವನು ಯಾರು, ಕೆಟ್ಟರೆ ದುಡ್ಡು ವಾಪಸ್ಸೋ ಬರೀ ಬದಲಿಯೋ, ಎಷ್ಟು ದಿನದೊಳಗೆ ಹೇಳಬೇಕು, ಎಲ್ಲ ನೋಡುತ್ತೇನೆ. ಪಾರ್ಸೆಲ್ ಬಂದ ಮೇಲೆ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ, ಆನ್ ಮಾಡಿ ನೋಡಿ, ಸರಿಯಿದ್ದರೆ ಮಾತ್ರ ಗಿರಾಕಿಗೆ ಕೊಡುವುದು ಪದ್ಧತಿ. ಖಾಲಿ ಡಬ್ಬಿ, ಸೋಪು, ಒಡೆದ ಪರದೆ ಎಲ್ಲ ಬಂದಿವೆ. ವಿಡಿಯೊ ಇದ್ದರೆ ನಮ್ಮ ಮಾತು ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಮೇಷ್ಟ್ರ ಬೆರಳಿಗಾಗಿ ಕೀಲಿಗಳು ಸ್ವಲ್ಪ ಎದ್ದು ಕಾಣುವ, ಒತ್ತಿದರೆ ಒತ್ತಿದೆ ಎಂದು ತಿಳಿಯುವ ಲ್ಯಾಪ್‌ಟಾಪ್ ಆರಿಸಿದೆ. ಅದು ಮೈಸೂರಿನವರೆಗೆ ಚೆನ್ನಾಗಿ ಬಂದು ಅಲ್ಲೇ ಕೂತಿತು. ಒಂದು ದಿನ ‘ಇವತ್ತು ತಲುಪುತ್ತದೆ’ ಎಂದು ಬಂತು. ಸಂಜೆ ‘ಗ್ರಾಹಕರು ಸಿಗಲಿಲ್ಲ’ ಎಂದು ಬಂತು. ನಾನು ಊಟಕ್ಕೂ ಮನೆಗೆ ಹೋಗದೆ ಡಬ್ಬಿ ತರಿಸಿಕೊಂಡು ಅಂಗಡಿಯಲ್ಲೇ ಇದ್ದೆ. ಯಾರ ಹತ್ತಿರ ಹೇಳುವುದು? ಕೊನೆಗೂ ಪೊಟ್ಟಣ ಕೈಗೆ ಬಂದ ಕೂಡಲೇ ಪಕ್ಕದ ಮನೆ ಸೊಸೆಯ ಫೋನಿಗೆ ಕರೆ ಮಾಡಿ ಸುದ್ದಿ ಹೇಳಿದೆ. ಅವಳು ಮೇಷ್ಟ್ರ ಮನೆಯಾಕೆಗೆ ಕೊಟ್ಟಳು.

‘ಬಿಚ್ಚಿದೀಯಾ?’ ಎಂದರು ಆಕೆ ಮೊದಲಿಗೆ.

‘ಇಲ್ಲ ಅಮ್ಮಾ, ಈಗ ಬಿಚ್ಚಬೇಕು.’

‘ಬ್ಯಾಡ ಕಣವ್ವ. ನಾಳ ಅಮಾಸೆ. ಸುಕ್ರಾರ ಅಂಗೇ ತಕ್ಕಂಡ್ ಬಾ. ಮನೇಲಿ ಪೂಜ ಮಾಡ್ಬುಟ್ಟು ಬಿಚ್ಚುವ. ಅವ್ರ ಮಾತು ಬರೋ ಪೆಟ್ಗೆ ಅದು, ಅಂಗಡಿ ಸಾಮಾನಾ?’

ಇಂಥ ಮಾತಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಯಾರಿಗೆ ಬರುತ್ತದೆ? ನನ್ನ ಅಂಗಡಿಯ ಜೆರಾಕ್ಸ್ ಯಂತ್ರಕ್ಕೂ ಮೊದಲ ದಿನ ಕುಂಕುಮ ಇಟ್ಟು, ನಿಂಬೆಹಣ್ಣು ಹೋಳು ಮಾಡಿಯೇ ಸ್ವಿಚ್ಚು ಹಾಕಿದ್ದು. ಆಗಲಿ ಎಂದೆ. ಪೊಟ್ಟಣವನ್ನು ಮೇಲಿನ ಗೂಡಿನಲ್ಲಿಟ್ಟೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಹೋದೆ. ನಡುಮನೆ ಸಾರಿಸಿ, ಮಣೆಯ ಮೇಲೆ ಬಾಳೆ ಎಲೆ ಹಾಸಿ ಸಿದ್ಧ ಮಾಡಿದ್ದರು. ಮೇಷ್ಟ್ರು ಒಗೆದ ಬಿಳಿ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದರು, ಸಣ್ಣಗಾಗಿದ್ದರು. ಅಮ್ಮ ಪೊಟ್ಟಣಕ್ಕೆ ಆರತಿ ಎತ್ತಿದರು. ನಾನು ಬಿಚ್ಚಿ ಲ್ಯಾಪ್‌ಟಾಪನ್ನು ಎಲೆಯ ಮೇಲಿಟ್ಟೆ. ಅರಿಸಿನ ಕುಂಕುಮವನ್ನು ನೀರಲ್ಲಿ ಕಲಸಿಕೊಂಡಿದ್ದರು. ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟರು. ತೆರೆದ ಮೇಲೆ ಕೀಲಿಗಳ ಆಚೆ ಒಂದು, ಈಚೆ ಒಂದು. ಈಚೆಯದು ಸ್ವಲ್ಪ ಹೆಚ್ಚಾಗಿ, ಸ್ಪೀಕರಿನ ಸಣ್ಣ ತೂತುಗಳ ಕಡೆ ಜಾರಿತು. ನಾನು ಸೆರಗಿನಲ್ಲಿ ಒತ್ತಿದೆ.

‘ಒರ್ಸ್‌ಬ್ಯಾಡ, ಇರ್ಲಿ, ಲಕ್ಷಣವಾಗದೆ,’ ಎಂದರು ಅಮ್ಮ.

ಆನ್ ಆಯಿತು. ಪರದೆ ನೀಲಿಯಾಗಿ ಹೊಳೆದಾಗ ಅಮ್ಮ ಕೈಮುಗಿದರು. ನಾನು ಪೆನ್‌ಡ್ರೈವ್ ಹಾಕಿ ಕನ್ನಡದ ಕೀಲಿ ಜೋಡಣೆ ಸೇರಿಸಿದೆ. ಓದುವ ತಂತ್ರಾಂಶ ಅರ್ಧ ಸೇರುವ ಹೊತ್ತಿಗೆ ಪರದೆ ಒಮ್ಮೆ ನಡುಗಿ ಕಪ್ಪಾಯಿತು.

‘ಕರೆಂಟ್ ಓಯ್ತಾ?’ ಅಮ್ಮ ಕೇಳಿದರು.

‘ಇದಕ್ಕೆ ಕರೆಂಟ್ ಬೇಡ ಅಮ್ಮಾ, ಬ್ಯಾಟರಿ ಇದೆ.’

ಚಾರ್ಜರು ಹಾಕಿದೆ. ಗುಂಡಿಯನ್ನು ಒತ್ತಿ ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಚಾರ್ಜರಿನ ದೀಪವೂ ಹತ್ತಲಿಲ್ಲ. ಮಧ್ಯಾಹ್ನದವರೆಗೂ ಅದೇ ಆಯಿತು. ಮೇಷ್ಟ್ರು ಸ್ಲೇಟು ತೆಗೆದು ‘ಮೊದಲು ಊಟ ಮಾಡು’ ಎಂದು ಬರೆದು ತೋರಿಸಿದರು.

ಬದಲಿ ಬೇಕೆಂದು ಅವತ್ತೇ ಬಸ್ಸಿನಲ್ಲಿ ಬರುತ್ತಲೇ ಅರ್ಜಿ ಹಾಕಿದೆ. ಅಂಗಡಿಗೆ ಬಂದು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕುಂಕುಮ ಒರೆಸಿದೆ. ಮುಚ್ಚಳದ್ದು ಹೋಯಿತು. ಕೀಲಿಗಳ ಸಂದಿನಲ್ಲಿ, ಸ್ಪೀಕರಿನ ತೂತುಗಳಲ್ಲಿ ಇಳಿದದ್ದು ಹಲ್ಲುಜ್ಜುವ ಬ್ರಷ್ಷಿಗೂ ಬರಲಿಲ್ಲ. ವಾಪಸ್ಸು ತೆಗೆದುಕೊಳ್ಳಲು ಬಂದವನು ನಮ್ಮ ಊರಿನವನೇ, ದಿನಾ ಪಾರ್ಸೆಲ್ ತರುವವನು. ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದು, ತಲೆ ಕೆರೆದುಕೊಂಡ.

‘ಇದೇನಕ್ಕ ಕೆಂಪಗೆ?’

‘ಕುಂಕುಮ ಕಣಪ್ಪ. ಪೂಜೆ ಮಾಡಿದ್ವಿ.’

‘ಅಯ್ಯೋ, ನಾನೂ ನನ್ ಗಾಡಿಗ ಪೂಜ ಮಾಡ್ದೆ ಕಿಕ್ ಒಡ್ದೋನಲ್ಲ. ಆದ್ರ ಈ ಆ್ಯಪ್‌ಗ ಅರಿಸ್ನ ಕುಂಕ್ಮ ಅಂದ್ರೇನ್ ಗೊತ್ತು? ಕಲೆ ಅದಾ ಅಂತ ಕೇಳ್ತದೆ. ಇಲ್ಲ ಅಂತ ಒತ್ತುದ್ರ ಅಲ್ಲಿ ಗೋಡೌನಲ್ಲಿ ನನ್ನೇ ಇಡ್ಕತಾರೆ ಕಣಕ್ಕ.’

ಅವನು ಅದೆ ಎಂದು ಒತ್ತಿದ. ಕೂಡಲೇ ನನ್ನ ಫೋನಿಗೆ ಬಂತು: ಬದಲಿ ತಿರಸ್ಕೃತವಾಗಿದೆ.

ಮುಂದಿನ ದಿನಗಳು ಫೋನಿನಲ್ಲೇ ಹೋದವು. ಒಂದು ಕೈಯಲ್ಲಿ ಅರ್ಜಿ ತುಂಬುತ್ತ, ಕಿವಿಗೆ ಫೋನು ಒತ್ತಿಕೊಂಡು ಅವರ ಹಾಡು ಕೇಳುತ್ತ ಕೂರುವುದು. ಕನ್ನಡ ಬರುವ ಒಬ್ಬಳು ಸಿಕ್ಕಳು, ಪಾಪ, ಸಮಾಧಾನದಿಂದಲೇ ಮಾತಾಡಿದಳು. ಒದ್ದೆಯಾದದ್ದು ಒಳಗೆ ಇಳಿದಿದೆ, ಇದು ದ್ರವದಿಂದ ಆದ ಹಾನಿ, ಇದಕ್ಕೆ ಬದಲಿ ಇಲ್ಲ ಎಂದಳು. ಬಿಚ್ಚಿದಾಗಿನ ವಿಡಿಯೊ ಇದೆಯಾ ಎಂದಳು. ಇಲ್ಲ. ಆರತಿಯ ಮುಂದೆ ಫೋನು ಹಿಡಿಯಲು ಮನಸ್ಸಾಗಿರಲಿಲ್ಲ. ಆನ್ ಮಾಡಿದ್ದು ಕುಂಕುಮ ಇಡುವ ಮೊದಲೋ ಆಮೇಲೋ? ಆಮೇಲೆ. ಮೂರು ಬೊಟ್ಟಿಗೆ ಒಂದು ಲ್ಯಾಪ್‌ಟಾಪ್ ಸಾಯುತ್ತದೆಯೇ, ಅದು ಡಬ್ಬಿಯಲ್ಲೇ ಸತ್ತು ಬಂದಿತ್ತೇ, ನನಗೂ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ಮೇಲಿನವರಿಗೆ ಕಳಿಸಿದ್ದೇವೆ, ಕಾಯಿರಿ ಎಂದರು. ಕಾದೆ.

ಒಂದು ಸಂಜೆ ಅಮ್ಮ ಫೋನು ಮಾಡಿದರು. ಯಾವಾಗಿನಂತೆ ಹಸು, ಬಿಸಿಲು ಏನನ್ನೂ ಕೇಳಲಿಲ್ಲ.

‘ಏನಂದ್ರವ್ವ ಕಂಪ್ನಿಯೋರು?’

‘ನೋಡ್ತಾ ಇದಾರಂತೆ ಅಮ್ಮಾ.’

‘ನನ್ ಕುಂಕ್ಮದಿಂದ್ಲಾ?’

‘ಅಲ್ಲ ಅಮ್ಮಾ. ಅಲ್ಲಿಂದಲೇ ಕೆಟ್ಟು ಬಂದಿತ್ತಂತೆ. ಅವರೇ ಒಪ್ಪಿಕೊಂಡರು.’

‘ಒಪ್ಕಂಡ್ರ ಬದ್ಲಿ ಯಾಕ ಕೊಟ್ಟಿಲ್ಲ?’ ಎಂದರು. ಓದು ಬಾರದಿದ್ದರೂ ಆಕೆಯ ಲೆಕ್ಕ ತಪ್ಪುವುದಿಲ್ಲ. ನಾನು ಏನೋ ಹೇಳಿ ಫೋನಿಟ್ಟೆ.

ಅದಾದ ಎರಡು ದಿನಕ್ಕೆ ಪಕ್ಕದ ಮನೆ ಸೊಸೆ ಒಂದು ಫೋಟೊ ಕಳಿಸಿದಳು. ಮೇಷ್ಟ್ರ ಸ್ಲೇಟಿನದು. ‘ಅವಸರವಿಲ್ಲ, ನಿಧಾನವಾದರೂ ಸರಿ’ ಎಂದಿತ್ತು. ಮಾತು ಹಾಗಿತ್ತು, ಆದರೆ ಸಾಲು ಎಡದಿಂದ ಬಲಕ್ಕೆ ಇಳಿಯುತ್ತ ಹೋಗಿ ಕೊನೆಯ ಅಕ್ಷರ ಸ್ಲೇಟಿನ ಕಟ್ಟಿಗೆ ತಾಗಿತ್ತು. ಶಾಲೆಯಲ್ಲಿ ಕಾಗದ ಅರ್ಧ ಎಳೆ ಓರೆಯಾಗಿದ್ದರೂ ಟೈಪ್‌ರೈಟರಿನಿಂದ ಕಿತ್ತು ಮತ್ತೆ ಹಾಕಿಸುತ್ತಿದ್ದ ಮನುಷ್ಯ. ನಾನು ಫೋಟೊವನ್ನು ದೊಡ್ಡದು ಮಾಡಿ ನೋಡಿದೆ, ಚಿಕ್ಕದು ಮಾಡಿ ನೋಡಿದೆ. ಇನ್ನು ಕಂಪನಿಯವರನ್ನು ಕಾಯುವುದು ಬೇಡ ಎನ್ನಿಸಿದ್ದು ಆಗ.

ಹೊಸದೊಂದು ತರಿಸಿದರೆ ಅದು ಮತ್ತೆ ಮೈಸೂರಿನಲ್ಲಿ ಕೂರುತ್ತದೆ. ಅಂಗಡಿಯಲ್ಲಿ ಇದ್ದದ್ದು ಎರಡು ಕಂಪ್ಯೂಟರು. ಮೇಷ್ಟ್ರು ಕೂತು ಹೊಡೆದಿದ್ದನ್ನೇ ಕಳಚಿದೆ. ಸ್ಕಾಲರ್‌ಶಿಪ್ ಅರ್ಜಿಗಳ ಕಾಲ, ಬಾಗಿಲಲ್ಲಿ ಜನ ನಿಂತಿದ್ದರು. ‘ಒಂದು ಕೆಟ್ಟಿದೆ, ನಿಧಾನ ಆಗುತ್ತೆ’ ಎಂದು ಹೇಳಿದೆ. ವೈರುಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿದೆ. ಓದುವ ತಂತ್ರಾಂಶವನ್ನು ಹಿಂದಿನ ದಿನವೇ ಹೊಂದಿಸಿದ್ದೆ: ಒಂದು ಸಾಲು ಹೊಡೆದು ಎಂಟರ್ ಒತ್ತಿದರೆ ಅದನ್ನು ಓದಬೇಕು, ಓದಿದ ಮೇಲೆ ಸಾಲು ಅಳಿಸಿಹೋಗಬೇಕು. ಇಂಟರ್‌ನೆಟ್ ಬೇಡ. ಮಾನಿಟರಿಗೆ ಹಳೆಯ ರಗ್ಗು, ಸಿಪಿಯುವಿಗೆ ಬೆಡ್‌ಶೀಟು ಸುತ್ತಿದೆ. ಕೀಬೋರ್ಡು, ಸ್ಪೀಕರು ಬುಟ್ಟಿಯಲ್ಲಿ. ಯುಪಿಎಸ್ ಒಂದೇ ಕಲ್ಲಿನಷ್ಟು ಭಾರ, ಅದನ್ನು ಆಟೊದವನು ಬಸ್ಸಿಗೆ ಹತ್ತಿಸಿಕೊಟ್ಟ.

‘ಏನಕ್ಕ, ಮಗಳ ಮನೆಗ ಟಿವಿನಾ?’ ಎಂದ ಕಂಡಕ್ಟರು.

‘ಕಂಪ್ಯೂಟ್ರು.’

‘ಬುಡಿ, ಆ ಕಾಡ್ ಕಡ ಆನೆಗಳೂ ಆನ್‌ಲೈನ್ ಅರ್ಜಿ ಆಕ್ಬೇಕೇನೋ ಇನ್‌ಮುಂದ. ಮಡಿಲಲ್ಲೇ ಮಡಿಕ್ಕಳಿ, ಮೇಲ್ ಆಕುದ್ರ ಉದುರ್‌ತದೆ.’

ಹನೂರಿನಲ್ಲಿ ಬಸ್ಸು ಬದಲಿಸಿ, ಮೂರು ಸಲ ಇಳಿಸಿ ಹತ್ತಿಸಿ, ಊರು ಮುಟ್ಟಿದೆ. ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಎರಡು ತಲೆದಿಂಬು ಕೊಟ್ಟು ಎಬ್ಬಿಸಿ ಕೂರಿಸಿ, ಹಾಸಿಗೆಯ ಅಡ್ಡಕ್ಕೆ ಹಲಗೆ ಇಟ್ಟು ಅದರ ಮೇಲೆ ಕೀಬೋರ್ಡು ಇಟ್ಟೆ. ಈ ಸಲ ಅಮ್ಮ ಬಾಗಿಲ ಬಳಿಯೇ ನಿಂತಿದ್ದರು. ಕೈಯಲ್ಲಿ ಹೂವೂ ಇಲ್ಲ, ಬಟ್ಟಲೂ ಇಲ್ಲ.

‘ನಾ ಮುಟ್ಟಕುಲ್ಲ ಕಣವ್ವ. ಕೆಲ್ಸ ಆಗ್ಲಿ,’ ಎಂದರು.

ಲ್ಯಾಪ್‌ಟಾಪ್ ಸತ್ತ ದಿನಕ್ಕಿಂತ ನನಗೆ ಆ ಮಾತಿನಿಂದ ಹೆಚ್ಚು ನೋವಾಯಿತು.

ಮೇಷ್ಟ್ರು ಹೊಡೆದರು. ಯಂತ್ರದ ಒರಟು ಗಂಡು ದನಿ ಒಂದೊಂದೇ ಪದ ಬಿಡಿಸಿ ಹೇಳಿತು: ‘ಯಾಕೆ ಅಲ್ಲಿ ನಿಂತಿದ್ದೀಯ. ಬಾ ಕೂತುಕೋ.’

ಅಮ್ಮನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ‘ಇದೇನ್ರಿ ಇದು, ಬಸ್‌ಸ್ಟ್ಯಾಂಡಲ್ಲಿ ಮೈಸೂರ್ ಮೈಸೂರ್ ಅಂತ ಕೂಗ್ದಂಗದೆ!’ ನಗುತ್ತಲೇ ಬಂದು ಮಂಚದ ತುದಿಯಲ್ಲಿ ಕೂತರು. ಮೇಷ್ಟ್ರು ನನ್ನ ಕಡೆ ನೋಡಿ, ಬಾಗಿಲ ಕಡೆ ಮೆಲ್ಲಗೆ ಕೈ ತೋರಿಸಿದರು.

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಪಕ್ಕದ ಮನೆ ಸೊಸೆ ತನ್ನ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

‘ನನ್ ಕೆಲ್ಸ ಓಯ್ತು ಬುಡಕ್ಕ,’ ಎಂದಳು.

‘ಬೇಜಾರಾ?’

‘ಊಂ ಮತ್ತ! ಇನ್ನ ಅವ್ರ ಮನೆ ಸಾರ್‌ಗ ಉಪ್ಪಿಲ್ಲ ಅಂತ ನಂಗ ಎಂಗ್ ಗೊತ್ತಾಗದು?’ ನಕ್ಕಳು. ಸ್ವಲ್ಪ ಹೊತ್ತಿಗೆ ತಗ್ಗಿದ ದನಿಯಲ್ಲಿ, ‘ಕೆಲವ್ನ ಅವ್ರು ಬರ್ದು, ನಾ ಓದಕ ಮುಂಚೆ ಒರ್ಸಿಬುಡೋರು ಕಣಕ್ಕ,’ ಎಂದಳು.

ನಾನೂ ಕೂತು ಕಾಯಿ ಸುಲಿದೆ. ಒಳಗಿನಿಂದ ಕೀಲಿಗಳ ಟಕಟಕ ಕೇಳುತ್ತಿತ್ತು, ಆಮೇಲೆ ಯಂತ್ರದ ಗೊಣಗು, ಮಾತು ತಿಳಿಯುತ್ತಿರಲಿಲ್ಲ. ನಡುವೆ ಅಮ್ಮನ ‘ಊಂ’. ಒಂದು ಸಲ ಮಾತ್ರ ಅವರ ದನಿ ಗಟ್ಟಿಯಾಗಿ ಬಂತು: ‘ಅದ್ನ ಈಗ ಯಾಕ ಏಳ್ತಿರಿ? ಅವತ್ತೇ ಏಳ್ಬೇಕಾಗಿತ್ತು!’ ಮತ್ತೆ ಟಕಟಕ. ಸೊಸೆ ಕಾಯಿ ಸುಲಿಯುವುದನ್ನು ನಿಲ್ಲಿಸಿ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಎದ್ದು ಬೀದಿಯ ನಲ್ಲಿಯವರೆಗೆ ನಡೆದೆ.

ಅವರಿಗೆ ಆ ಯಂತ್ರ ಸಿಕ್ಕಿದ್ದು ಕೆಲವೇ ವಾರ. ಕರೆಂಟು ಹೋದಾಗ ಯುಪಿಎಸ್ ಕೀಕ್ ಕೀಕ್ ಎನ್ನುತ್ತದೆ, ಕರು ಬೆದರುತ್ತದೆ ಎಂದು ಒಮ್ಮೆ ಅಮ್ಮ ಫೋನು ಮಾಡಿದ್ದರು. ಇನ್ನೊಮ್ಮೆ ದನಿ ನಿಂತುಹೋಗಿದೆ ಎಂದರು. ಸ್ಪೀಕರಿನ ವೈರು ಸಡಿಲವಾಗಿತ್ತು, ಹಸಿರು ದಾರದ್ದನ್ನು ಒತ್ತಿ ಎಂದು ಫೋನಿನಲ್ಲೇ ಹೇಳಿಕೊಟ್ಟೆ, ತಾವೇ ಒತ್ತಿದರು. ಆಮೇಲೆ ಕರೆ ಬರಲಿಲ್ಲ. ಒಂದು ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದಾಗ ಸೊಸೆಯ ಫೋನು ಬಂತು. ಹೆಸರು ನೋಡಿದ ಕೂಡಲೇ ತಿಳಿಯಿತು. ಲ್ಯಾಪ್‌ಟಾಪಿನ ದೂರನ್ನು ಮುಚ್ಚಲಾಗಿದೆ ಎಂಬ ಸಂದೇಶ ಅದಕ್ಕೂ ಮೊದಲೇ ಬಂದಿತ್ತು. ನಾನು ಉತ್ತರ ಬರೆಯಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮನೇ ಹೇಳಿಕಳಿಸಿದರು, ಬಂದು ತಕ್ಕಂಡೋಗಲಿ, ಅವಳ ಅಂಗಡಿ ಸಾಮಾನು ಎಂದು. ಹೋದೆ. ಅಮ್ಮನ ಹಣೆ ಬರಿದಾಗಿತ್ತು. ಮಂಚ ಎತ್ತಿ ಗೋಡೆಗೆ ನಿಲ್ಲಿಸಿದ್ದರು, ಕಂಪ್ಯೂಟರು ಮೂಲೆಯ ಮೇಜಿನ ಮೇಲಿತ್ತು. ಬೆಡ್‌ಶೀಟು, ರಗ್ಗು ಎರಡನ್ನೂ ಒಗೆದು ಮಡಿಸಿಟ್ಟಿದ್ದರು. ನಾನು ವೈರಿಗೆ ಕೈಹಾಕಿದಾಗ, ‘ಒಂದ್ಸಲ ಆಕವ್ವ,’ ಎಂದರು.

ಆಕೆ ಏನು ಕೇಳುತ್ತಾರೆಂದು ನನಗೆ ಭಯವಾಗಿತ್ತು. ಕೇಳುವ ಮೊದಲೇ ಇದ್ದದ್ದನ್ನು ಹೇಳಿಬಿಟ್ಟೆ. ‘ಅಮ್ಮಾ, ಅವರು ಹೇಳಿದ್ದು ಇದರಲ್ಲಿ ಏನೂ ಉಳಿದಿಲ್ಲ. ಓದಿದ ಕೂಡಲೇ ಅಳಿಸಿಹೋಗುವ ಹಾಗೆ ನಾನೇ ಮಾಡಿದ್ದೆ.’

‘ಗೊತ್ತು ಕಣವ್ವ. ಅವ್ರು ಏಳಿದ್ರು. ನೀ ಆಕು.’

ಹಾಕಿದೆ. ಪರದೆ ಬಂತು, ಬರೆಯುವ ಜಾಗ ತೆರೆದುಕೊಟ್ಟೆ. ಅಮ್ಮ ಸ್ಟೂಲು ಎಳೆದುಕೊಂಡು ಕೂತು, ಕೈಯನ್ನು ಸೀರೆಗೆ ಒರೆಸಿ, ಬಲಗೈಯ ಒಂದೇ ಬೆರಳನ್ನು ಕೀಲಿಗಳ ಮೇಲೆ ಗಾಳಿಯಲ್ಲಿ ಆಡಿಸಿದರು. ಅಕ್ಷರ ಹುಡುಕುತ್ತಿರಲಿಲ್ಲ. ಜಾಗ ಹುಡುಕುತ್ತಿದ್ದರು. ಒಂದು ಕೀಲಿ ಒತ್ತಿದರು. ಇನ್ನೊಂದು, ಸ್ವಲ್ಪ ಮೇಲೆ. ಮತ್ತೊಂದು ಎಡಕ್ಕೆ. ಹೀಗೆ ಐದಾರು. ಕೊನೆಗೆ ಬಲ ಅಂಚಿನ ಉದ್ದ ಕೀಲಿ.

ಯಂತ್ರ ಒಂದು ಹೆಂಗಸಿನ ಹೆಸರು ಹೇಳಿತು.

ಅಮ್ಮನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಟೈಪಿಂಗ್ ಶಾಲೆಯ ಕಾಲದಿಂದ ನಮಗೆಲ್ಲ ಅವರು ಅಮ್ಮಾವ್ರು. ಮೇಷ್ಟ್ರು ‘ಇವಳೇ’ ಎನ್ನುತ್ತಿದ್ದರು, ಇಲ್ಲವೇ ಕೆಮ್ಮಿ ಕರೆಯುತ್ತಿದ್ದರು. ಗಂಡ ಹೆಂಡತಿಯ ಹೆಸರು ಹಿಡಿಯುವುದು ಅವರ ಕಾಲದ ಮನೆಗಳಲ್ಲಿ ಇರಲಿಲ್ಲ.

‘ದಿವ್ಸಾ ಮೊದ್ಲು ಇದ್ನೇ ಒತ್ತೋರು,’ ಎಂದರು ಅಮ್ಮ, ಪರದೆ ನೋಡುತ್ತಲೇ. ‘ಎದ್ರುಗೇ ಕೂತಿರ್ತಿದ್ನಲ್ಲ, ಬೆರಳು ಎಲ್ಲೆಲ್ಲಿಗ ಓಯ್ತದೆ ಅಂತ ನೋಡ್ಕಂಡೆ. ಮಿಕ್ಕಿದ್ದು ಬರಕುಲ್ಲ. ಮಿಕ್ಕಿದ್ದು ಬಾಳ ಉದ್ದ.’

ಮತ್ತೆ ಒತ್ತಿದರು. ಯಂತ್ರ ಮತ್ತೆ ಕರೆಯಿತು. ಈ ಸಲ ಅವರು ‘ಊಂ’ ಎಂದರು.

ನಾನು, ‘ಇದು ಇಲ್ಲೇ ಇರಲಿ ಅಮ್ಮಾ. ಅಂಗಡಿಗೆ ಒಂದು ಸಾಕು,’ ಎಂದೆ.

ಅವರು ಎದ್ದು, ಸ್ಟೂಲನ್ನು ಗೋಡೆಗೆ ಸರಿಸಿ, ಬೆಡ್‌ಶೀಟಿನ ಮಡಿಕೆ ಬಿಚ್ಚಿ ನನ್ನ ಕೈಗೆ ಕೊಟ್ಟರು.

‘ಬ್ಯಾಡ ಕಣವ್ವ, ತಕ್ಕಂಡೋಗು. ಇದ್ರ ನಾ ಒತ್ಕಂಡೇ ಕೂತಿರ್ತೀನಿ. ಹಸ್ಗಳ್ಗ ಹುಲ್ ಆಕೋರ್ ಯಾರು?’